ಊಟದ ಸಾಲಿನ ನುಸಿ

ನನ್ನ ನಾದಿನಿಯನ್ನು ತೋಟದಲ್ಲಿ ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಾರೆ. ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಂಡ ಆ ಗಾಜು ಸ್ನಾನಕ್ಕೆ ಹೋಗುವಾಗ ಮಾತ್ರ ಇಳಿಯುತ್ತದೆ, ಅದೂ ಅನುಮಾನ ಎನ್ನುತ್ತಾಳೆ ಅವಳ ಅತ್ತೆ. ಸೇಬಿನ ಮರಗಳಲ್ಲಿ ಹುಳ ಹುಡುಕುವುದು ಅವಳ ಕೆಲಸ. ಔಷಧಿ ಹೊಡೆಯುವುದಲ್ಲ, ಬರೀ ಹುಡುಕಿ, ಇದು ಇಂಥದ್ದು ಎಂದು ಹೇಳುವುದು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ಕೇಳಿ ನಕ್ಕುಬಿಟ್ಟಿದ್ದೆ. ಹೇನು ನೋಡುವುದಕ್ಕೂ ಸಂಬಳ ಕೊಡುತ್ತಾರಾ ಎಂದು ಕೇಳಿದ್ದಕ್ಕೆ, "ನಿಮ್ಮ ತಲೇಲಿ ನೋಡಿದ್ರೆ ಕೊಡಲ್ಲ ಅತ್ತಿಗೆ, ಮರದಲ್ಲಿ ನೋಡಿದ್ರೆ ಕೊಡ್ತಾರೆ" ಎಂದಿದ್ದಳು. ಆಗ ಅವಳ ಬಾಯಿ ಅಷ್ಟು ಚುರುಕಾಗಿತ್ತು.

ಆಮೇಲೆ ನಾನೂ ಅದೇ ತೋಟದಲ್ಲಿ ಒತ್ತೊತ್ತಾಗಿ ಬಿಟ್ಟ ಕಾಯಿ ಕಿತ್ತು ತೆಳುಮಾಡುವ, ಹಣ್ಣು ಆರಿಸುವ ಕೆಲಸಕ್ಕೆ ಸೇರಿಕೊಂಡೆ. ಅವಳು ಮಾಡುವುದನ್ನು ಹತ್ತಿರದಿಂದ ನೋಡಿದೆ. ಎಡಗೈಯಲ್ಲಿ ಬಿಳಿ ತಟ್ಟೆ, ಬಲಗೈಯಲ್ಲಿ ತುದಿಗೆ ರಬ್ಬರ್ ಸುತ್ತಿದ ಕೋಲು. ಕೊಂಬೆಯ ಕೆಳಗೆ ತಟ್ಟೆ ಹಿಡಿದು ಮೇಲಿನಿಂದ ತಟ್ಟುತ್ತಾಳೆ. ಧೂಳು, ಹೂವಿನ ಪುಡಿ, ಒಣಗಿದ ಚೂರು ಎಲ್ಲ ಬೀಳುತ್ತವೆ. ಸ್ವಲ್ಪ ಹೊತ್ತು ಸುಮ್ಮನೆ ಕಾಯಬೇಕು. ಧೂಳು ಧೂಳಾಗಿಯೇ ಇದ್ದರೆ ಸರಿ. ನಡೆಯಲು ಶುರುಮಾಡಿದರೆ ಅದು ನುಸಿ. ನಿಧಾನಕ್ಕೆ ತೆವಳುವ ಕೆಂಪು ಚುಕ್ಕೆ ಎಲೆಯ ರಸ ಹೀರುವ ಜಾತಿ. ಬೆರಳಿಂದ ಒರೆಸಿದರೆ ತಟ್ಟೆಯ ಮೇಲೆ ಕೆಂಪು ಗೀರು ಮೂಡುತ್ತದೆ. ಮಿರಮಿರ ಮಿಂಚುತ್ತ ಸರಸರನೆ ಓಡುವುದು ಬೇರೆ ಜಾತಿ, ಕೆಂಪು ನುಸಿಯನ್ನು ಹಿಡಿದು ತಿನ್ನುವುದು. "ಸೋಮಾರಿ ಕಂಡ್ರೆ ಭಯ ಪಡಿ, ಓಡೋದು ಕಂಡ್ರೆ ಖುಷಿ ಪಡಿ" ಎಂದು ನನಗೆ ಪಾಠ ಹೇಳಿದ್ದಳು. ನಮ್ಮ ಮನೆಯಲ್ಲೂ ಹಾಗೇ ಕಣೆ, ನಿಮ್ಮಣ್ಣನನ್ನು ನೋಡಿದರೆ ನನಗೆ ಭಯವಾಗುತ್ತದೆ ಎಂದಿದ್ದೆ.

ಎಲೆ ಮುದುರಿ ಕಾಂಡದ ಮೇಲೆ ಇರುವೆ ಓಡಾಡಿದರೆ ಹೇನು. ಗಂಟಿನ ಮೇಲೆ ಹತ್ತಿ ಅಂಟಿಸಿದ ಹಾಗಿದ್ದರೆ ಅದರ ಇನ್ನೊಂದು ಜಾತಿ. ಕಾಯಿಯ ಕಣ್ಣಿನ ಹತ್ತಿರ ಹಿಟ್ಟಿನಂಥ ಕಸ ಕಂಡರೆ ಒಳಗೆ ಕೊರೆಯುವ ಹುಳ. ಇವೆಲ್ಲ ಕಲಿತರೆ ಬರುತ್ತವೆ. ಕಷ್ಟವಾದದ್ದು ನಡಿಗೆ. ತೋಟದಲ್ಲಿ ಅಡ್ಡಾದಿಡ್ಡಿ ನಡೆಯಬೇಕು. ಅಂಚಿನದೊಂದು, ನಡುವಿನದೊಂದು, ಇಳಿಜಾರಿನದೊಂದು ಎಂದು ಹೊಸ ಹೊಸ ಮರ ಆರಿಸಬೇಕು. ಮನುಷ್ಯನ ಕಾಲು ಯಾವಾಗಲೂ ಗೊತ್ತಿರುವ ಕಡೆಗೇ ಎಳೆಯುತ್ತದೆ, ಅದಕ್ಕೆ ಬಗ್ಗಬಾರದು ಎನ್ನುತ್ತಿದ್ದಳು.

ಅವಳ ಗಂಡ ಅದೇ ತೋಟದ ಟ್ರ್ಯಾಕ್ಟರ್ ಡ್ರೈವರ್. ಔಷಧಿಯ ಟ್ಯಾಂಕು ಎಳೆದುಕೊಂಡು ಸಾಲು ಸಾಲಾಗಿ ಹೊಡೆಯುತ್ತಿದ್ದವನು ಅವನೇ. ಮಾತು ಕಡಿಮೆ. ಕಡಿಮೆ ಎಂದರೆ, ಊಟ ಆಯಿತಾ ಎಂದರೆ ತಲೆಯಾಡಿಸುವ, ಚೆನ್ನಾಗಿತ್ತಾ ಎಂದರೆ ಇನ್ನೊಮ್ಮೆ ತಲೆಯಾಡಿಸುವ ಗಂಡಸು. ಮರಗಳಿಗೆ ಇನ್ನೂ ಎಲೆ ಬಂದಿರಲಿಲ್ಲ, ಒಂದು ಬೆಳಿಗ್ಗೆ ತಾಯಿಯ ಮಂಡಿಗೆ ಮುಲಾಮು ತರಲು ಔಷಧಿ ಅಂಗಡಿಗೆ ಹೋದ. ಸಾಲಿನಲ್ಲಿ ನಿಂತಿದ್ದವನು ಸುಸ್ತು ಎಂದು ಮೆಟ್ಟಿಲ ಮೇಲೆ ಕೂತ. ಅವನ ಸರದಿ ಬಂದಾಗ ಏಳಲಿಲ್ಲ.

ನಾದಿನಿ ಅಳಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಬಂದವರಿಗೆಲ್ಲ ಚಹಾ ಮಾಡಿ ಕೊಟ್ಟಳು, ಲೋಟ ತೊಳೆದಳು, ಕೆಲಸಕ್ಕೆ ಹೋದಳು. ತಟ್ಟೆಗೆ ಹಾಕಿದ್ದನ್ನು ತಿನ್ನುತ್ತಿದ್ದಳು. ಒಂದು ದಿನ ನಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ, ಅದನ್ನೂ ತಿಂದು ಎದ್ದಳು. ನನಗೆ ತಡೆಯಲಾಗಲಿಲ್ಲ.

"ಒಂದ್ಸಲ ಅತ್ತುಬಿಡೇ, ಎದೆ ಹಗುರ ಆಗುತ್ತೆ."

"ಎದೆ ಭಾರ ಇಲ್ಲ ಅತ್ತಿಗೆ. ಏನೂ ಇಲ್ಲ. ಬಟ್ಟೆ ಒಣಗಿದ್ಯಾ ನೋಡ್ಲಾ?"

ಅವಳ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಕರುಣೆ ಬರಬೇಕಿತ್ತು, ಬರುತ್ತಿದ್ದದ್ದು ಸಿಟ್ಟು.

ಮನೆಯ ಚಿಂತೆ ಬೇರೆ ಇತ್ತು. ತೋಟದ ಗೇಟಿನ ಪಕ್ಕದ ಎರಡು ಕೋಣೆಯ ಮನೆ ಡ್ರೈವರ್‌ಗೆಂದು ಕೊಟ್ಟದ್ದು. ಅಲ್ಲಿ ಅವಳೂ ಅವಳ ಅತ್ತೆಯೂ ಇದ್ದರು. ಮುದುಕಿಯ ಮಂಡಿ ಎರಡೂ ಹೋಗಿವೆ, ಬಾಯಿ ಮಾತ್ರ ಗಟ್ಟಿ. ಆ ಮನೆಗೆ ಮೆಟ್ಟಿಲಿಲ್ಲ. ಗೋಡೆ ಹಿಡಿದುಕೊಂಡು ಅಂಗಳದವರೆಗೆ ಬಂದು ಬಿಸಿಲಿಗೆ ಕೂರುತ್ತಾಳೆ, ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಾಳೆ. ಮನೆ ಬಿಡಬೇಕಾಗಿ ಬಂದರೆ ಇಬ್ಬರೂ ನಮ್ಮಲ್ಲಿಗೇ ಬರಬೇಕು, ನಮ್ಮದೋ ಎರಡನೇ ಮಹಡಿ, ಕಡಿದಾದ ಮೆಟ್ಟಿಲು. ಅಲ್ಲಿಗೆ ಹತ್ತಿಸಿದರೆ ಮತ್ತೆ ಇಳಿಯುವ ಮಾತಿಲ್ಲ. ಮ್ಯಾನೇಜರ್ ಕೆಟ್ಟವನಲ್ಲ. "ಈ ಸಲದ ಹಣ್ಣು ಇಳಿಯೋವರೆಗೂ ಹುಳದ ಕೆಲಸ ಸರಿಯಾಗಿ ನೋಡ್ಕೊಮ್ಮ. ಮನೆ ನಿನ್ನ ಹೆಸರಿಗೇ ಮಾಡಿಸ್ತೀನಿ" ಎಂದಿದ್ದ. ನಾನು ನೆಮ್ಮದಿಯ ಉಸಿರು ಬಿಟ್ಟಿದ್ದೆ. ಅವಳ ಕಣ್ಣಿನಿಂದ ತಪ್ಪಿಸಿಕೊಂಡ ಹುಳ ಉಂಟೇ?

ಹೂವು ಉದುರಿತು, ಕಾಯಿ ಕಚ್ಚಿತು. ಪ್ರತಿ ವಾರ ಆಫೀಸಿನ ಕಿಟಕಿಯ ಹತ್ತಿರ ನಿಂತು "ಏನಿಲ್ಲ ಸಾರ್, ಚೊಕ್ಕ ಇದೆ" ಎಂದು ಹೇಳಿ ಬರುತ್ತಿದ್ದಳು. ಮ್ಯಾನೇಜರ್‌ಗೆ ಔಷಧಿಯ ಖರ್ಚು ಉಳಿದ ಖುಷಿ.

ಬಿಸಿಲು ಬಲಿತ ಮೇಲೆ ನಮ್ಮನ್ನು ಇಳಿಜಾರಿನ ಕಡೆಗೆ ಕಾಯಿ ತೆಳುಮಾಡಲು ಕಳಿಸಿದರು. ಏಣಿ ಹತ್ತಿ ನೋಡಿದರೆ ಎಲೆಗಳಲ್ಲಿ ಹಸಿರೇ ಇಲ್ಲ. ತುಕ್ಕು ಹಿಡಿದ ತಗಡಿನ ಬಣ್ಣ. ಕೈಯಲ್ಲಿ ಹಿಡಿದರೆ ಒರಟು. ಮುಂದಿನ ಮರವೂ ಹಾಗೆಯೇ, ಅದರ ಮುಂದಿನದೂ. ಯಾರಿಗೂ ಹೇಳದೆ ಹೋಗಿ ನಾದಿನಿಯ ಕೈ ಹಿಡಿದು ಎಳೆದುಕೊಂಡು ಬಂದೆ.

ಅವಳು ತಟ್ಟೆ ಹಿಡಿದು ಕೊಂಬೆ ತಟ್ಟಿದಳು. ಕಾಯಬೇಕಾಗಲಿಲ್ಲ. ತಟ್ಟೆ ತುಂಬ ಕೆಂಪು ಚುಕ್ಕೆಗಳು ತೆವಳುತ್ತಿದ್ದವು. ಬೆರಳಿಂದ ಒರೆಸಿದಳು, ಬೆರಳನ್ನು ಸೀರೆಗೆ ಒರೆಸಿಕೊಂಡಳು. ಮುಖದಲ್ಲಿ ಏನೂ ಇಲ್ಲ.

"ಇಷ್ಟು ದಿನ ಎಲ್ಲಿ ನೋಡ್ತಿದ್ದೆ ನೀನು? ಕಣ್ಣು ಬಿಟ್ಕೊಂಡೇ ನೋಡ್ತಿದ್ಯಾ?" ಎಂದು ಗದರಿದೆ.

"ನೋಡ್ತಿದ್ದೆ ಅತ್ತಿಗೆ. ಚೊಕ್ಕ ಇತ್ತು."

"ಎಲ್ಲಿ?"

ಅವಳು ಹೊರಟಳು. ನಾನು ಹಿಂದೆ ಹೋದೆ. ನೇರವಾಗಿ ಪಂಪಿನ ಮನೆಯ ಪಕ್ಕದ ಸಾಲಿಗೆ ಹೋಗಿ ನಿಂತಳು. ಅದು ಅವಳೂ ಗಂಡನೂ ಮಧ್ಯಾಹ್ನ ಊಟಕ್ಕೆ ಕೂರುತ್ತಿದ್ದ ಸಾಲು. ಎಷ್ಟು ವರ್ಷದಿಂದಲೋ, ನೆರಳು ಎಲ್ಲಿ ಬಿದ್ದಿದೆಯೋ ಆ ಮರದ ಬುಡದಲ್ಲಿ, ಆದರೆ ಯಾವಾಗಲೂ ಅದೇ ಸಾಲಿನಲ್ಲಿ. ಕಾಲು ಎಳೆದ ಕಡೆ ಹೋಗಬೇಡಿ ಎಂದು ಬೇರೆಯವರಿಗೆ ಪಾಠ ಹೇಳುತ್ತಿದ್ದವಳ ಕಾಲು ಅವಳನ್ನು ಪ್ರತಿದಿನ ಇಲ್ಲಿಗೇ ತಂದು ನಿಲ್ಲಿಸುತ್ತಿತ್ತು. ಇಡೀ ತೋಟ ಸುತ್ತಿದೆ ಎಂದುಕೊಂಡು ಅವಳು ಒಂದೇ ಸಾಲಿನಲ್ಲಿ ಮೇಲೆ ಕೆಳಗೆ ನಡೆದಿದ್ದಳು. ಅವಳಿಗೇ ಅದು ಗೊತ್ತಾಗಿರಲಿಲ್ಲ.

ಅಲ್ಲಿಯ ಎಲೆಗಳು ದಟ್ಟ ಹಸಿರು. ಕೊಂಬೆ ತಟ್ಟಿದಳು. ಮಿಂಚುವ ಚುಕ್ಕೆಗಳು ತಟ್ಟೆಯ ತುಂಬ ಸರಸರ ಓಡಿದವು. ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಏನೋ ಒಂದು ಅಲುಗಾಡಿದ್ದು ಅದೇ ಮೊದಲು.

"ಇವು ಇಲ್ಲಿ ಇರಬಾರದು. ಔಷಧಿ ಬಿದ್ರೆ ಮೊದಲು ಸಾಯೋದೇ ಇವು. ಇಷ್ಟೊಂದು ಆಗಬೇಕಾದ್ರೆ ಈ ಸಾಲಿಗೆ ಔಷಧಿ ಬಿದ್ದೇ ಇಲ್ಲ, ಎಷ್ಟೋ ವರ್ಷದಿಂದ."

ಪಂಪಿನ ಮನೆಯ ಹತ್ತಿರ ಹೊಸ ಡ್ರೈವರ್ ಟ್ಯಾಂಕಿಗೆ ನೀರು ತುಂಬಿಸುತ್ತಿದ್ದ. ಎಲ್ಲರೂ ಅವನನ್ನು ಕುಳ್ಳ ಎನ್ನುತ್ತಾರೆ. ಮೊದಲು ಅವಳ ಗಂಡನ ಜೊತೆಯೇ ಪೈಪು ಹಿಡಿಯುತ್ತಿದ್ದವನು. ಅವಳು ಅವನನ್ನು ಕೂಗಿ ಕೇಳಿದಳು.

"ಈ ಸಾಲಿಗೆ ಹೊಡೀತಿರ್ಲಿಲ್ವಾ?"

"ಇಲ್ಲಕ್ಕ. ಇಲ್ಲಿಗೆ ಬಂದ್ರೆ ಅಣ್ಣ ವಾಲ್ವ್ ಮುಚ್ಚಿಬಿಡ್ತಿದ್ರು. ಗಾಡಿ ಮಾತ್ರ ಸುಮ್ಮನೆ ಹೋಗ್ತಿತ್ತು. ಯಾಕಣ್ಣ ಅಂದ್ರೆ, ಇಲ್ಲಿ ಅವಳು ಊಟ ಮಾಡ್ತಾಳೆ ಕಣೋ ಅಂದಿದ್ರು. ನಿಮಗೆ ಗೊತ್ತಿದೆ ಅಂತ್ಲೇ ಅಂದ್ಕೊಂಡಿದ್ದೆ."

ಅವಳಿಗೆ ಗೊತ್ತಿರಲಿಲ್ಲ. ತಟ್ಟೆ ಹಿಡಿದು ಹಾಗೇ ನಿಂತಿದ್ದಳು. ತಟ್ಟೆಯ ಮೇಲಿದ್ದವು ಅಂಚಿಗೆ ಓಡಿ ಅವಳ ಹೆಬ್ಬೆರಳಿನ ಮೇಲೆ ಹತ್ತಿದವು.

ಮ್ಯಾನೇಜರ್‌ಗೆ ಸುದ್ದಿ ಅಷ್ಟರಲ್ಲೇ ಮುಟ್ಟಿತ್ತು. ಆಫೀಸಿಗೆ ಹೋಗುವ ದಾರಿಯಲ್ಲಿ ನಾನು ಅವಳಿಗೆ ಹೇಳಿಕೊಟ್ಟೆ. "ಬಿಸಿಗಾಳಿಗೆ ಒಂದೇ ವಾರದಲ್ಲಿ ಎದ್ದುಬಿಟ್ಟವು ಅನ್ನು. ನುಸಿ ಹಾಗೇ ಏಳುತ್ತೆ ಅಂತ ಅವನಿಗೂ ಗೊತ್ತು. ನಂಬ್ತಾನೆ. ಮನೆ ಉಳಿಯುತ್ತೆ." ಅವಳು ಹೂಂ ಎಂದಳು. ನನಗೆ ಧೈರ್ಯ ಬಂತು.

ಮ್ಯಾನೇಜರ್ ಬಿಸಿ ಬಾಣಲೆಯಾಗಿದ್ದ. "ಹೇಗಾಯ್ತು ಇದು? ಬಿಸಿಗಾಳಿಗಾ?" ಎಂದು ಅವನೇ ಕೇಳಿದ. ತೆರೆದ ಬಾಗಿಲು ಅದು, ದಾಟಿ ಹೋದರೆ ಸಾಕಿತ್ತು. ಅವಳು ಬಾಯಿ ತೆರೆಯುವ ಮೊದಲೇ, ನಮ್ಮ ಹಿಂದೆಯೇ ಬಂದು ನಿಂತಿದ್ದ ಕುಳ್ಳನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಪೂರ್ತಿ ತೋಟಕ್ಕೆ ಹೊಡಿ. ಒಂದು ಸಾಲೂ ಬಿಡಬೇಡ" ಎಂದ.

"ಬೇಡ ಸಾರ್" ಎಂದಳು ನಾದಿನಿ. "ಪಂಪಿನ ಮನೆ ಪಕ್ಕದ ಸಾಲಿಗೆ ಹೊಡೀಬೇಡಿ. ಅಲ್ಲಿ ಒಳ್ಳೆ ನುಸಿ ತುಂಬಿದೆ. ಅಲ್ಲಿಂದ ಚಿಗುರು ಕತ್ತರಿಸಿ ಹಾಳಾದ ಮರಗಳಿಗೆ ಕಟ್ಟಿದ್ರೆ ಅವು ಅಲ್ಲಿಗೆ ದಾಟ್ತವೆ. ಔಷಧಿ ಹೊಡೆದ್ರೆ ಅವೂ ಸಾಯ್ತವೆ, ಮುಂದಿನ ವರ್ಷ ಇನ್ನೂ ಜಾಸ್ತಿ ಆಗುತ್ತೆ."

"ಅದೊಂದು ಸಾಲು ಚೊಕ್ಕ ಇದೆ ಅಂತ ನಿನಗೆ ಹೇಗೆ ಗೊತ್ತು? ಇಡೀ ತೋಟ ಚೊಕ್ಕ ಅಂತಿದ್ದೆಯಲ್ಲ?"

ನಾನು ಅವಳ ಸೆರಗು ಜಗ್ಗಿದೆ.

"ನಾನು ಅದೊಂದೇ ಸಾಲು ನೋಡಿದ್ದು ಸಾರ್. ಬೇರೆ ಕಡೆ ಹೋಗೇ ಇಲ್ಲ."

ಮ್ಯಾನೇಜರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆ ಸಾಲನ್ನು ಬಿಡಲು ಒಪ್ಪಿದ, ಚಿಗುರು ಕಟ್ಟಲೂ ಒಪ್ಪಿದ. ಆಮೇಲೆ, "ಈ ಕೆಲಸ ಪೂರ್ತಿ ನಂಬಿಕೆ ಮೇಲೆ ನಡೆಯೋದು ಕಣಮ್ಮ. ನೋಡಿದೆ ಅಂದ್ರೆ ನೋಡಿರಬೇಕು. ಹಣ್ಣು ಇಳಿದ ಮೇಲೆ ಬೇರೆಯವರನ್ನ ಕರೆಸ್ತೀನಿ, ಮನೆ ಅವರಿಗೆ ಬೇಕಾಗುತ್ತೆ. ನಿನಗೆ ಹಣ್ಣು ಆರಿಸೋ ಕಡೆ ಕೆಲಸ ಇದ್ದೇ ಇದೆ" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ದಾರಿಯುದ್ದಕ್ಕೂ ನಾನು ಅವಳನ್ನು ಬೈದೆ. ಕಣ್ಣಿಗೆ ಕಾಣದ ನುಸಿಗಾಗಿ ಮನೆ ಕಳೆದುಕೊಂಡವಳು ಜಗತ್ತಿನಲ್ಲಿ ನೀನೊಬ್ಬಳೇ, ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿಕೊಂಡೆ, ಆ ಮುದುಕಿಯನ್ನು ನಮ್ಮ ಮೆಟ್ಟಿಲ ಮೇಲೆ ಹೊತ್ತು ಹತ್ತಿಸುವವರು ಯಾರು, ನಿಮ್ಮಣ್ಣನಿಗೆ ಅಕ್ಕಿ ಮೂಟೆ ಹೊತ್ತರೇ ಸೊಂಟ ಹಿಡಿಯುತ್ತದೆ.

ಮುದುಕಿ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದಳು. ನಾದಿನಿ ಅವಳೆದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಮನೆ ಹೋದದ್ದನ್ನು ಮೊದಲು, ಸಾಲಿನ ವಿಷಯ ಆಮೇಲೆ. ವಾಲ್ವ್ ಮುಚ್ಚುತ್ತಿದ್ದದ್ದನ್ನು ಹೇಳುವಾಗ ಅವಳ ದನಿ ಬದಲಾಯಿತು.

"ಎಷ್ಟು ವರ್ಷ ಅತ್ತೆ! ದಿನಾ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ರು. ಉಪ್ಪಿನಕಾಯಿ ಕೊಡು ಅಂತಿದ್ರು, ನೀರು ಕೊಡು ಅಂತಿದ್ರು. ಇದೊಂದು ಮಾತು ಹೇಳೋಕೆ ಏನಾಗಿತ್ತು ಅವರಿಗೆ? ನಾನು ಅವರನ್ನ ಕಲ್ಲು ಅಂತಿದ್ದೆ. ಮುಖದ ಮೇಲೇ ಅಂತಿದ್ದೆ. ಆಗಲಾದ್ರೂ ಹೇಳಬಾರದಿತ್ತಾ?" ಅವಳು ಅಂಗೈಯಿಂದ ನೆಲಕ್ಕೆ ಹೊಡೆದಳು. "ಸಿಟ್ಟು ಬರ್ತಿದೆ ಅತ್ತೆ. ಎಷ್ಟು ಸಿಟ್ಟು ಬರ್ತಿದೆ ಅಂದ್ರೆ..."

ಮಾತು ಮುಗಿಯಲಿಲ್ಲ. ನಾನು ಇಷ್ಟು ತಿಂಗಳು ಬಾ ಬಾ ಎಂದು ಕರೆದಿದ್ದ ಅಳು ಬಂದಾಗ ನನಗೇ ನೋಡಲಾಗಲಿಲ್ಲ. ಮುದುಕಿ ಕುರ್ಚಿಯಿಂದ ಬಗ್ಗಿ, ಅವಳ ತಲೆಯನ್ನು ತನ್ನ ಕೆಟ್ಟ ಮಂಡಿಗಳ ಮೇಲೆಯೇ ಎಳೆದು ಇಟ್ಟುಕೊಂಡಳು. ನೋಯುತ್ತದೆ ಎಂದು ನಾನು ಹೇಳಹೋದೆ. ಮುದುಕಿ ಕೈಸನ್ನೆಯಿಂದ ನನ್ನನ್ನು ಸುಮ್ಮನಾಗಿಸಿ, "ನಿಮ್ಮ ಮನೆಗೆ ಮೆಟ್ಟಿಲು ಎಷ್ಟಿವೆಯಮ್ಮ?" ಎಂದು ಕೇಳಿದಳು.