ಗೆರೆಯಾಚೆ ಕುಡಿದ ಕಾಫಿ

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಜೋರ್ಡಾನ್ ಮತ್ತು ಇಸ್ರೇಲಿನ ಅಧಿಕಾರಿಗಳು ವಾದಿ ಅರಬಾದ ಕಣಿವೆಯಲ್ಲಿ, ಗಡಿಯ ಮೇಲೆಯೇ ಡೇರೆ ಹಾಕಿ ಸಂಧಾನಕ್ಕೆ ಕುಳಿತರು. ಜೋರ್ಡಾನಿನ ಕಡೆ ಕಾಫಿ ಕಾಸುವ ಕೆಲಸ ಸುವೈಲಿಮನ ಪಾಲಿಗೆ ಬಂತು. ಐವತ್ತು ದಾಟಿದ ಬದೂಯಿನ್, ಮರುಭೂಮಿಯ ಅಲೆಮಾರಿ ಕುಲದವನು. ಹಿರಿಮಗನ ಹೆಸರು ಹಿಡಿದು ಎಲ್ಲರೂ ಅವನನ್ನು ಅಬೂ ಫಲಾಹ್ ಎನ್ನುತ್ತಿದ್ದರು. ಮಾತು ಕಡಿಮೆ, ಕಾಫಿಗೆ ಏಲಕ್ಕಿ ಜಾಸ್ತಿ.

ಸಂಧಾನದಿಂದ ಅವನಿಗೆ ಬೇಕಾಗಿದ್ದುದು ಒಂದೇ, ಅಕ್ಕನ ಬಳಿಗೆ ಹೋಗುವ ದಾರಿ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದ ಅಕ್ಕ ವದ್ಹಾಳನ್ನು ಕಣಿವೆಯ ಪಡುವಣಕ್ಕೆ, ಇಸ್ರೇಲಿನ ಕಡೆಯ ಕುಲಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಆಗಿನ್ನೂ ಜನ ಕದ್ದುಮುಚ್ಚಿಯಾದರೂ ಆಚೆ ಈಚೆ ಓಡಾಡುತ್ತಿದ್ದರು. ಅರವತ್ತೇಳರ ಯುದ್ಧ ಬಂದದ್ದೇ ಅದೂ ನಿಂತಿತು. ಅಂದಿನಿಂದ ಅವಳು ಇದ್ದಾಳೋ ಇಲ್ಲವೋ ಎಂದು ಹೇಳುವ ನರಪಿಳ್ಳೆ ಇರಲಿಲ್ಲ.

ಆಚೆ ಕಡೆಯ ದುಭಾಷಿ ಮೆನಶೆ ಬಾಗ್ದಾದಿನಲ್ಲಿ ಹುಟ್ಟಿದ ಯಹೂದಿ. ಅವನಿಗೆ ಎಷ್ಟು ಸಲ ಕಾಫಿ ಬಗ್ಗಿಸಿಕೊಟ್ಟರೂ ಸುವೈಲಿಮ್ ಅಕ್ಕನ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ. ಕಾಫಿ ಕೊಟ್ಟವನು ಅತಿಥಿಯ ಮುಂದೆ ಕೈಚಾಚಿದರೆ ಅವನ ಕುಲದಲ್ಲಿ ಮಾನ ಹೋದಂತೆಯೇ. ಕೇಳುವ ಹಕ್ಕು ಅತಿಥಿಯದು. ಬಟ್ಟಲನ್ನು ಕುಡಿಯದೆ ನೆಲಕ್ಕಿಟ್ಟರೆ ಸಾಕು, ಮನೆಯವನು ಏನಾಗಬೇಕೆಂದು ಕೇಳಲೇಬೇಕು. ನಡೆಸಿಕೊಡುತ್ತೇನೆ ಎಂದ ಮೇಲೇ ಕುಡಿಯುವುದು, ಇಲ್ಲವಾದರೆ ಎದ್ದು ಹೋಗುವುದು.

ಕೊನೆಗೆ ಒಂದು ಮಧ್ಯಾಹ್ನ ಸುವೈಲಿಮ್ ಧೈರ್ಯ ಮಾಡಿದ. ಕಾವಲಿನವರು ಬೇಡವೆನ್ನುವಷ್ಟರಲ್ಲಿ ಗಡಿಯ ಗುರುತಿಗೆ ಎಳೆದಿದ್ದ ಸುಣ್ಣದ ಗೆರೆ ದಾಟಿ, ಇಸ್ರೇಲಿಗಳ ಅಡುಗೆ ಚಪ್ಪರದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟ. ಅಲ್ಲಿದ್ದ ಮೆನಶೆ ಕಾವಲಿನವರಿಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದ.

"ದಾರಿ ತಪ್ಪಿತಾ, ಅಬೂ ಫಲಾಹ್?"

"ನಿಮ್ಮ ಕಾಫಿ ರುಚಿ ನೋಡೋಣ ಅಂತ ಬಂದೆ ಸಾಹೇಬ್ರೇ."

"ಇದನ್ನ ಕಾಫಿ ಅಂದ್ರೆ ನಿನ್ನ ಒಂಟೆನೂ ನಗುತ್ತೆ," ಎನ್ನುತ್ತ ಮೆನಶೆ ಕಾಗದದ ಲೋಟಕ್ಕೆ ಬಗ್ಗಿಸಿ ಕೊಟ್ಟ. ಸುವೈಲಿಮ್ ಅದನ್ನು ತೆಗೆದುಕೊಂಡು ನೆಲಕ್ಕಿಟ್ಟ.

ಮೆನಶೆಯ ನಗು ನಿಂತಿತು. ಆ ಪದ್ಧತಿ ಅವನು ಹುಟ್ಟಿದ ನಾಡಿನಲ್ಲೂ ಇತ್ತು.

"ಹೇಳು, ಏನಾಗಬೇಕು?"

"ನಮ್ಮಕ್ಕ ವದ್ಹಾನ ನಿಮ್ಮ ಕಡೆಗೆ ಮದುವೆ ಮಾಡಿ ಕೊಟ್ಟಿದ್ರು, ಅರವತ್ತೇಳರಿಂದ ಸುದ್ದಿ ಇಲ್ಲ. ನಾನು ಹೋಗಿ ಅವಳನ್ನ ನೋಡ್ಬೇಕು."

"ಗಡಿ ತೆಗೆಯೋದು ನನ್ನ ಕೈಲಿಲ್ಲಪ್ಪ. ಒಳಗೆ ಕೂತೋರಿಗೇ ಅದು ಬಗೆಹರಿದಿಲ್ಲ. ಆಗುತ್ತೆ ಅಂತ ನಿನ್ನ ಮೂಗಿಗೆ ತುಪ್ಪ ಸವರೋಕೆ ನಾನು ತಯಾರಿಲ್ಲ." ಮೆನಶೆ ಅವನೆದುರು ಕುಳಿತ. "ಅವಳು ಇದ್ದಾಳಾ ಇಲ್ವಾ ಹುಡುಕ್ತೀನಿ. ಅಷ್ಟಕ್ಕೆ ಮಾತು ಕೊಡ್ತೀನಿ."

ಕೇಳಿದ್ದರಲ್ಲಿ ಅದು ಕಾಲುಭಾಗವೂ ಅಲ್ಲ. ಆದರೆ ಅದರಲ್ಲಿ ಸುಳ್ಳಿರಲಿಲ್ಲ, ಡೇರೆಯಲ್ಲಿ ಅಂಥದ್ದು ಸಿಗುವುದು ಅಪರೂಪ. ಸುವೈಲಿಮ್ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದ. ಕಾಫಿ ನಿಜಕ್ಕೂ ಕೆಟ್ಟದಾಗಿತ್ತು.

ಮಾತುಕತೆಯ ಮುಂದಿನ ಸುತ್ತಿಗೆ ಬಂದ ಮೆನಶೆ ಡೇರೆಯೊಳಗೆ ಹೋಗದೆ ನೇರ ಒಲೆಯ ಹತ್ತಿರ ಬಂದ.

"ಸಿಕ್ಕಿದ್ಲು. ಬೀರ್‌ಶೇಬಾದ ಹತ್ರ ಇದ್ದಾಳೆ. ಕಣ್ಣು ಮಂದ ಆಗಿದೆ, ಬಾಯಿ ಮಾತ್ರ ಜೋರು."

ಸುವೈಲಿಮನಿಗೆ ಅಳು ಒತ್ತರಿಸಿ ಬಂತು. ಮರೆಮಾಚುವ ಗೋಜಿಗೆ ಹೋಗಲಿಲ್ಲ. "ಏನಂದ್ಲು?" ಎಂದ.

"ತಮ್ಮ ಬದುಕಿದ್ದಾನೆ ಅಂದೆ, ಬಾಗಿಲು ಹಾಕ್ಕೊಂಡ್ಲು. ನೀನು ಯುದ್ಧದಲ್ಲೇ ಸತ್ತೆ ಅಂತ ಆಗ ಯಾರೋ ಹೇಳಿದ್ರಂತೆ. ಬಂಧುಬಳಗ ಎಲ್ಲ ಕೂತು ಅತ್ತಿದ್ರಂತೆ. 'ತಮ್ಮನಿಗೆ ಒಂದ್ಸಲ ಅತ್ತಾಯ್ತು. ಈಗ ನಿನ್ನ ನಂಬಿ, ನಾಳೆ ಇದೂ ಸುಳ್ಳು ಅಂತಾದ್ರೆ ಇನ್ನೊಂದ್ಸಲ ಅಳೋ ಶಕ್ತಿ ನನಗಿಲ್ಲ. ಹೋಗು' ಅಂದ್ಲು."

"ಅವಳೇ. ಬೇರೆ ಯಾರೂ ಅಲ್ಲ," ಎಂದು ಸುವೈಲಿಮ್ ತಲೆವಸ್ತ್ರದಿಂದ ಮುಖ ಒರೆಸಿಕೊಂಡ. ಡೇರೆಯೊಳಗೆ ಯಾವುದೋ ಮಾತಿಗೆ ದನಿಗಳು ಏರತೊಡಗಿದ್ದವು. ಅವನು ಆ ಕಡೆ ನೋಡಿದ.

"ಒಳಗೆ ಹೋಗಿ ಸಾಹೇಬ್ರೇ, ಬೇಗ ಮುಗಿಸಿ ಅಂತ ಹೇಳಿ ಅವರಿಗೆ. ಸತ್ತ ಸುದ್ದಿನ ಯಾರು ತಂದ್ರೂ ನಂಬ್ತಾರೆ. ಬದುಕಿದೀನಿ ಅನ್ನೋದನ್ನ ನಾನೇ ಹೋಗಿ ಹೇಳ್ಬೇಕು."