ಸಪ್ಪಳವಿಲ್ಲದ ಒಡಪು

ಮದುವೆಯ ವಿಡಿಯೊ ತೆಗೆಯುವುದು ನನ್ನ ಹೊಟ್ಟೆಪಾಡು. ಅಂಗಡಿ ಸಿಂದಗಿಯಲ್ಲಿದೆ. ಇಂಡಿ, ಮುದ್ದೇಬಿಹಾಳ, ಎಲ್ಲಿ ಕರೆದರೂ ಹೋಗುತ್ತೇನೆ. ಈಗ ಎಲ್ಲರಿಗೂ ಸ್ಲೋ ಮೋಷನ್ ಬೇಕು. ಅಕ್ಕಿಕಾಳು, ಅಂದರೆ ಅಕ್ಷತೆ, ವಧೂವರರ ತಲೆಯ ಮೇಲೆ ತೇಲುತ್ತ ಇಳಿಯಬೇಕು. ಹೆಸರಿಗೆ ಅಕ್ಕಿಕಾಳು, ನಮ್ಮ ಕಡೆ ಹಾಕುವುದು ಅರಿಸಿನ ಹಚ್ಚಿದ ಜೋಳ. ಅದೇನೂ ತೇಲುವುದಿಲ್ಲ, ಹಿಂದಿನ ಸಾಲಿನವರು ಬೀಸಿದರೆ ಕಿವಿಗೆ ರಪ್ಪನೆ ಹೊಡೆಯುತ್ತದೆ.

ಕೆಲಸ ಸರಳ. ಸೆಕೆಂಡಿಗೆ ಇಪ್ಪತ್ತೈದರ ಬದಲು ನೂರು ಚಿತ್ರ ಹಿಡಿದು, ಇಪ್ಪತ್ತೈದರಂತೆಯೇ ತೋರಿಸಿದರೆ ಒಂದು ಸೆಕೆಂಡು ನಾಲ್ಕಾಗುತ್ತದೆ. ಮೊದಲೇ ಹೆಚ್ಚು ಹಿಡಿಯದೆ ಆಮೇಲೆ ಎಳೆದರೆ ಚಿತ್ರ ತಡವರಿಸುತ್ತದೆ. ಕೊರತೆ ಒಂದೇ, ಆಗ ನನ್ನ ಕ್ಯಾಮೆರಾ ಧ್ವನಿ ಹಿಡಿಯುವುದಿಲ್ಲ. ಅಕ್ಕಿಕಾಳು ಮುಗಿದ ಕೂಡಲೇ ಗುಂಡಿ ತಿರುಗಿಸಬೇಕು.

ಮನಗೂಳಿಯ ಮದುವೆಯಲ್ಲಿ ತಿರುಗಿಸಲು ಮರೆತೆ.

ಮದುಮಗಳು ಒಡಪು ಹಾಕಿದಳು, ಅಂದರೆ ಪದ್ಯದಲ್ಲಿ ಹೆಣೆದು ಗಂಡನ ಹೆಸರು ಹೇಳಿದಳು. ಆಮೇಲೆ ಹೆಂಗಸರು ಅವಳ ಅಜ್ಜಿಯ ಬೆನ್ನು ಬಿದ್ದರು. ಅಜ್ಜಿ ಜನ್ಮದಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲವಂತೆ. ತಮ್ಮ ಮದುವೆಯಲ್ಲೂ ಸೆರಗು ಬಾಯಿಗೊತ್ತಿಕೊಂಡು ಓಡಿಹೋಗಿದ್ದರಂತೆ. ಅಂದು ಹೇಳಿಬಿಟ್ಟರು. ಮಂಟಪವೆಲ್ಲ ನಕ್ಕಿತು. ಅವರ ಗಂಡ, ಎಲ್ಲರೂ ಮುತ್ಯಾ ಎಂದು ಕರೆಯುವ ಅಜ್ಜ, ಕಾಲು ಮುರಿದುಕೊಂಡು ಅಗರಖೇಡದ ಮನೆಯಲ್ಲೇ ಉಳಿದಿದ್ದರು.

ವಾರದೊಳಗೆ ಅವರ ಫೋನು ಬಂತು.

"ತಮ್ಮಾ, ನಮ್ಮಾಕಿ ನನ್ನ ಹೆಸರ ಹೇಳ್ಯಾಳಂತಲ್ಲ. ಒಮ್ಮೆ ಕೇಳಬೇಕಾಗೇತಿ. ತಂದು ತೋರಸಪಾ."

ಅಂಗಡಿಯಲ್ಲಿ ಹಾಕಿ ನೋಡಿದೆ. ಧ್ವನಿಯೇ ಇರಲಿಲ್ಲ. ಏನಾದರೊಂದು ನೆಪ ಹೇಳಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ.

"ಧ್ವನಿ ಬಂದಿಲ್ರಿ ಮುತ್ಯಾ. ತಪ್ಪು ನಂದ."

ಅವರು ಪರದೆಯನ್ನು ತಮ್ಮತ್ತ ತಿರುಗಿಸಿಕೊಂಡರು. "ಇರ್ಲಿ, ಹಚ್ಚು," ಎಂದರು.

ಪರದೆಯ ಮೇಲೆ ಅಜ್ಜಿ ಸೆರಗು ಸರಿಪಡಿಸಿಕೊಂಡರು. ತುಟಿ ಆಡಿತು. ಹೆಸರಿಗೆ ಮುನ್ನ ಒಂದಿಷ್ಟು ತಡೆದಿದ್ದರು. ಎದುರಿಗೇ ನಿಂತಿದ್ದ ನನಗೆ ಅಂದು ಅದು ಕಂಡಿರಲಿಲ್ಲ. ಇಲ್ಲಿ ಆ ತಡೆ ನಾಲ್ಕು ಪಟ್ಟು ಉದ್ದವಾಗಿತ್ತು. ಆಮೇಲೆ ತುಟಿ ಮೆಲ್ಲಗೆ, ಅಕ್ಷರ ಅಕ್ಷರವಾಗಿ ತೆರೆಯಿತು. ಮುತ್ಯಾ ತಮ್ಮ ತುಟಿಯನ್ನೂ ಹಾಗೆಯೇ ಆಡಿಸಿದರು. ಮೂರು ಸಲ ಹಾಕಿಸಿದರು.

ಅಜ್ಜಿ ಚಹಾ ತಂದರು.

"ಮಂದಿ ಮುಂದ ಹೇಳೀದಿ. ನನ್ನ ಮುಂದನೂ ಒಮ್ಮೆ ಹೇಳು," ಎಂದರು ಮುತ್ಯಾ.

ಅಜ್ಜಿ ಪರದೆಯತ್ತ ನೋಡಿದರು.

"ನಾ ಎಲ್ಲಿ ಹೇಳೇನ್ರಿ? ನೋಡ್ರಿ, ಸಪ್ಪಳನ ಇಲ್ಲ."

ಸಾಕ್ಷಿ ಹೇಳು ಎಂಬಂತೆ ಮುತ್ಯಾ ನನ್ನ ಮುಖ ನೋಡಿದರು.