ಗುರುವಾರದ ಉಪಗ್ರಹ

ಐದು ದಿನಕ್ಕೊಮ್ಮೆ ನನಗೆ ಹಬ್ಬ. ಅಂದು ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ ನಮ್ಮ ಜಿಲ್ಲೆಯ ನೆತ್ತಿಯ ಮೇಲೆ ಉಪಗ್ರಹವೊಂದು ಹಾದುಹೋಗುತ್ತದೆ. ಮರುದಿನ ಅದು ತೆಗೆದ ಚಿತ್ರ ನನ್ನ ಕಂಪ್ಯೂಟರಿಗೆ ಇಳಿಯುವವರೆಗೂ ಕುಳಿತಲ್ಲಿ ಕೂರಲಾಗುವುದಿಲ್ಲ. ಬಳ್ಳಾರಿ ಯಾವ ಕಡೆ ಬೆಳೆದಿದೆ, ಸಿರುಗುಪ್ಪ ಯಾವ ಹೊಲವನ್ನು ನುಂಗಿದೆ, ಕುರುಗೋಡಿನ ಗುಡ್ಡದ ಬುಡಕ್ಕೆ ಹೊಸ ಮನೆಗಳು ಬಂದವೇ ಎಂದು ನೋಡಿ ನಕ್ಷೆಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಈ ವಯಸ್ಸಿನಲ್ಲೂ ಬಣ್ಣ ಹಚ್ಚಿಕೊಂಡು ಕೂತಿದ್ದಾರೆ ಎಂದು ಹೆಂಡತಿ ನೆಂಟರಿಗೆಲ್ಲ ಹೇಳುತ್ತಾಳೆ.

ಇದೇ ನಾನು ಬಳ್ಳಾರಿಯ ಕೌಲ್ ಬಜಾರಿನ ಗಲ್ಲಿಗೆ ಇಳಿದರೆ ದಾರಿ ತಪ್ಪುತ್ತೇನೆ. ಮೇಲಿಂದ ನೋಡಿದರೆ ಮಾತ್ರ ಸಂಗನಕಲ್ಲಿನ ಗುಡ್ಡಗಳೆಲ್ಲ ಪರಿಚಯ. ಅಲ್ಲಿದ್ದ ಶಿಲಾಯುಗದವರೂ ಬೆಳಿಗ್ಗೆ ಎದ್ದು ಕೆಳಗಿನ ಬಯಲನ್ನು ಹೀಗೇ ನೋಡುತ್ತಿದ್ದಿರಬೇಕು. ಆದರೆ ಅವರು ಇಳಿದು ಹೋಗಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ನಾನು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಕಳೆದ ಸುಗ್ಗಿಯಲ್ಲಿ ದೇಶನೂರಿನ ಪಕ್ಕ ಥಳಥಳ ಹೊಳೆಯುವ ಚೌಕವೊಂದು ಕಂಡಿತು. ಸಾಲುಸಾಲು ನೀಲಿ ಛಾವಣಿ! ಹೊಸ ಬಡಾವಣೆಯೇ ಸರಿ ಎಂದು ಕುಣಿದಾಡಿ ಕೆಂಪು ಬಳಿದೆ. ನಮ್ಮ ನಕ್ಷೆಯಲ್ಲಿ ಕೆಂಪೆಂದರೆ ಕಟ್ಟಡ. ಖುಷಿಗೆ ಕರಾವಳಿಯ ಗೆಳೆಯನಿಗೂ ಕಳಿಸಿದೆ. ಇಂಥವೇ ಚಿತ್ರಗಳಿಂದ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಅಳಿವೆಗಳನ್ನು ಗುರುತಿಸುವವನು ಅವನು. ಫೋನ್ ಮಾಡಿ ನಕ್ಕ.

"ಮಾರಾಯ, ನಾವು ಒಂದೇ ಚಿತ್ರ ನಂಬಿ ದಡದ ಗೆರೆ ಎಳೆಯುದಿಲ್ಲ. ಉಬ್ಬರದಲ್ಲಿ ಕಡಲಾಗಿದ್ದದ್ದು ಇಳಿತದಲ್ಲಿ ಕೆಸರು. ಹಳೆ ಚಿತ್ರ ನೋಡಿದ್ದೀಯಾ?"

ನೋಡಿದೆ. ಆ ಚೌಕ ಪ್ರತಿ ಕೊಯ್ಲಿಗೂ ಹುಟ್ಟಿ, ಆಮೇಲೆ ಮಾಯವಾಗುತ್ತಿತ್ತು. ವರ್ಷಕ್ಕೆರಡು ಸಲ ಎದ್ದು ಬೀಳುವ ಬಡಾವಣೆ ಎಲ್ಲಿಯದು? ಅದು ಭತ್ತ ಒಣಗಿಸುವ ಕಣ, ಆ ನೀಲಿಯೆಲ್ಲ ಭತ್ತಕ್ಕೆ ಹಾಸಿದ ಪ್ಲಾಸ್ಟಿಕ್ ತಾಡಪಾಲು. ನಕ್ಷೆ ಆಗಲೇ ನಮ್ಮ ಕಚೇರಿಯ ಸಾಹೇಬರ ಮೇಜಿಗೆ ಹೋಗಿತ್ತು. ಕೆಂಪಿದ್ದದ್ದೆಲ್ಲ ಬಡಾವಣೆಯೆಂದು ಊರಿನ ಯೋಜನೆಗೆ ಸೇರಿಬಿಟ್ಟರೆ ದೇಶನೂರಿಗೆ ಕಣವೇ ಇಲ್ಲ. ಓಡಿಹೋಗಿ ಹಳೆಯ ಚಿತ್ರಗಳನ್ನು ತೋರಿಸಿ ತಪ್ಪು ಹೇಳಿಕೊಂಡೆ. "ಹಳೇ ಚಿತ್ರ ಬ್ಯಾಡ್ರಿ, ಈಗ ಕಟ್ಟಿರಬಹುದಲ್ಲ. ಸೋಮವಾರದೊಳಗ ಖಾಲಿ ನೆಲದ ಹೊಸಾದು ತೋರಸ್ರಿ" ಎಂದರು ಸಾಹೇಬರು.

ಮೊದಲ ಸಲ ಬಸ್ಸು ಹತ್ತಿ ದೇಶನೂರಿಗೆ ಹೋದೆ. ಕಣದಲ್ಲಿ ಹನುಮಕ್ಕ ಎಂಬ ಹೆಂಗಸು ಕಾಲಿನಿಂದ ಭತ್ತ ಕೆದರುತ್ತಿದ್ದರು. ತಪ್ಪೊಪ್ಪಿಕೊಂಡೆ.

"ನಮ್ಮ ಕಣದಾಗ ಮನಿ ಕಟ್ಟಿಬಿಟ್ರೇನ್ರಿ ಸರ?"

"ನಕ್ಷಿದಾಗ ಅಷ್ಟರಿ ಅಕ್ಕ."

"ಹಂಗಾರ ಭತ್ತ ಎಲ್ಲಿ ಒಣಗಸೂಣು? ನಿಮ್ಮ ನಕ್ಷಿ ಮ್ಯಾಲೇನು?"

ಆ ಉಪಗ್ರಹ ಮತ್ತೆ ಯಾವಾಗ ಬರುತ್ತದೆ ಎಂದು ಕೇಳಿದರು. ಗುರುವಾರ ಹತ್ತೂವರೆಗೆ ಎಂದೆ. ತಾಡಪಾಲು ತೆಗೆಯಿರಿ ಎನ್ನಲು ನಾಲಿಗೆ ಏಳಲಿಲ್ಲ. ಭತ್ತ ಇನ್ನೂ ಹಸಿ, ಒಂದೊಂದು ದಿನದ ಬಿಸಿಲೂ ಅವರಿಗೆ ಬೇಕಾಗಿತ್ತು.

ಶುಕ್ರವಾರ ಚಿತ್ರ ಬಂತು. ಮೋಡವಿಲ್ಲ. ನೀಲಿಯೂ ಇಲ್ಲ! ಕಡುಕಂದು ನೆಲ, ಅಚ್ಚುಕಟ್ಟಾದ ಚೌಕ. ನಾನು ಕೂಗಿದ ಕೂಗಿಗೆ ಇಡೀ ಕಚೇರಿ ಎದ್ದು ನಿಂತಿತು. ಕೂಡಲೇ ಹನುಮಕ್ಕನಿಗೆ ಫೋನ್ ಮಾಡಿದೆ.

"ಎಲ್ಲಾರೂ ಸೇರಿ ಭತ್ತ ಎತ್ತಿ ಮನಿ ಮುಂದ ಹಾಕ್ಕೊಂಡ್ವಿರಿ. ಫೋಟ ತಗ್ಯಾಕ ಬರ್ತೈತಂದ್ರ ಹಂಗಾ ಬಿಡಾಕ ಆಕ್ಕೈತೇನು? ಕಣ ಎಲ್ಲಾ ಸಗಣಿ ಹಾಕಿ ಸಾರಿಸಿದ್ವಿ."

ಸುಗ್ಗಿಯ ಒಂದು ದಿನವನ್ನು ನನ್ನ ತಪ್ಪಿಗಾಗಿ ಕೊಟ್ಟಿದ್ದರು. ಕೆಂಪನ್ನು ಅಳಿಸಿದೆ, ನಕ್ಷೆಯ ಬಣ್ಣಗಳ ಪಟ್ಟಿಯಲ್ಲಿ 'ಕಣ' ಎಂದು ಹೊಸದೊಂದು ಸೇರಿಸುತ್ತೇನೆ ಎಂದೆ.

"ಅದಿರಲಿ ಸರ, ನಡುವ ರಂಗೋಲಿ ಹಾಕಿದ್ದೆ. ಕಂಡಿತೇನ್ರಿ?"

ನಮ್ಮ ಉಪಗ್ರಹಕ್ಕೆ ಅಷ್ಟು ಸಣ್ಣದು ಕಾಣುವುದಿಲ್ಲ. ಆದರೆ ಇಲ್ಲದ ಮನೆಗಳನ್ನೇ ಕಂಡವನಿಗೆ ಇದ್ದ ರಂಗೋಲಿ ಕಾಣದೆ ಹೋದೀತೇ?

"ಕಂಡೈತ್ರಿ ಅಕ್ಕ," ಎಂದೆ, "ಭಾಳ ಚಂದ ಐತಿ."